ಡಬ್ಬಿಯ ತಳದಲ್ಲಿದ್ದ ಹೆಸರು

ರೇಣು ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ವಿನಯಕ್ಕೆ ಹೇಳುತ್ತಿರುವ ಮಾತಲ್ಲ ಇದು. ಹದಿಮೂರು ವರ್ಷದ ಮಗಳಿಗೆ ತಾನೇ, ತನ್ನ ಬಾಯಿಂದಲೇ, ತಾನು ಗೊತ್ತುಮಾಡಿಕೊಂಡ ದಿನ ಹೇಳಬೇಕೆಂದು ಆ ತಾಯಿ ಜೋಪಾನ ಮಾಡಿಟ್ಟಿದ್ದ ಒಂದು ಮಾತನ್ನು ನಾನು ನನ್ನ ಮನೆಯ ಬೇಸ್‌ಮೆಂಟಿನಲ್ಲಿ, ಒಂಬತ್ತು ಮಕ್ಕಳ ಎದುರು, ಆಟದ ನೆಪದಲ್ಲಿ ಹೊರಗೆ ಎಳೆದುಹಾಕಿದೆ. ಅದಾಗಿ ಎಂಟು ವರ್ಷವಾಯಿತು. ಈಗಲೂ ನೆನಪಾದರೆ ಕಿವಿ ಬಿಸಿಯಾಗುತ್ತದೆ, ಕೈಲಿದ್ದ ಕೆಲಸ ಅಲ್ಲೇ ನಿಲ್ಲುತ್ತದೆ.

ರೇಣು ಹರಿಹರದವರು. ಅಮೆರಿಕದ ಮಿಶಿಗನ್ನಿನ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ನಮ್ಮ ಬಡಾವಣೆಯಿಂದ ಎರಡು ಮೈಲಿ ದೂರದಲ್ಲಿ ಅವರ ಮನೆ. ಗಂಡ ಶಂಕರ್ ರಾಚೆಸ್ಟರ್ ಹಿಲ್ಸ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯ ಎಂಜಿನಿಯರ್. ರೇಣು ಒಂದು ಡ್ರೈ ಕ್ಲೀನರ್ ಅಂಗಡಿಯ ಹಿಂಭಾಗದಲ್ಲಿ ಹೊಲಿಗೆ ಮಷೀನಿನ ಮುಂದೆ ಕೂತು ಗಿರಾಕಿಗಳ ಪ್ಯಾಂಟಿನ ಅಂಚು ಮಡಚುವ, ಕೋಟಿನ ಸೊಂಟ ಬಿಚ್ಚಿ ಹೊಲಿಯುವ ಕೆಲಸ ಮಾಡುತ್ತಿದ್ದರು. ನಮ್ಮ ಕನ್ನಡದ ಹೆಂಗಸರಲ್ಲಿ ಡಾಕ್ಟರುಗಳಿದ್ದರು, ಕಂಪ್ಯೂಟರಿನವರಿದ್ದರು. ಅವರೆಲ್ಲ ರೇಣು ಕೆಲಸದ ಮಾತು ಬಂದಾಗ ಸ್ವಲ್ಪ ದನಿ ತಗ್ಗಿಸುತ್ತಿದ್ದರು. ಆದರೆ ದೀಪಾವಳಿ ಹತ್ತಿರ ಬಂತೆಂದರೆ ಸೀರೆಗೆ ಫಾಲ್ ಹಚ್ಚಿಸಲು, ರವಿಕೆ ಸಡಿಲ ಮಾಡಿಸಲು ಅವರ ಮನೆ ಮುಂದೆಯೇ ಕಾರು ಸಾಲುಗಟ್ಟುತ್ತಿದ್ದವು. ಯಾರ ಸೊಂಟ ವರ್ಷಕ್ಕೆ ಎಷ್ಟು ಇಂಚು ಹಿಗ್ಗಿದೆ ಎಂಬುದು ಖಚಿತವಾಗಿ ಗೊತ್ತಿದ್ದವರು ಅವರೊಬ್ಬರೇ. ಒಬ್ಬರ ಅಳತೆಯನ್ನು ಇನ್ನೊಬ್ಬರಿಗೆ ಹೇಳಿದ್ದನ್ನು ನಾನು ಕೇಳಿಲ್ಲ. ನಾನು ಕೆದಕಿ ಕೇಳಿದ್ದುಂಟು. ನಕ್ಕು ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡುಬಿಡುತ್ತಿದ್ದರು.

ಮಾತು ಕಡಿಮೆ, ಅಂಜಿಕೆ ಹೆಚ್ಚು. ಫ್ರೀವೇ ಎಂಬ ಹೆದ್ದಾರಿ ಹತ್ತುತ್ತಿರಲಿಲ್ಲ. 'ಹನ್ನೆರಡು ಮೈಲಿ', 'ಹದಿಮೂರು ಮೈಲಿ' ಎಂದೇ ಹೆಸರಿರುವ ಊರೊಳಗಿನ ರೋಡು ಹಿಡಿದು, ಮೂವತ್ತೈದರ ಜಾಗದಲ್ಲಿ ಮೂವತ್ತಕ್ಕೆ ಓಡಿಸುತ್ತ, ಹಿಂದಿನವರು ಹಾರ್ನ್ ಹೊಡೆದರೆ ತಾವೇ ಕೈಯೆತ್ತಿ ಕ್ಷಮೆ ಕೇಳುತ್ತ ಹೋಗುವವರು. ಇಂಥ ಹೆಂಗಸು ಒಳಗೆ ಏನನ್ನಾದರೂ ಬಚ್ಚಿಟ್ಟುಕೊಂಡಿರಬಹುದು ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ನನಗಂತೂ ಅನ್ನಿಸಿರಲಿಲ್ಲ, ಎಲ್ಲರನ್ನೂ ಅನುಮಾನದಿಂದ ನೋಡುವುದೇ ಬುದ್ಧಿವಂತಿಕೆ ಎಂದು ನಾನು ತಿಳಿದಿದ್ದ ಆ ದಿನಗಳಲ್ಲೂ.

ಆ ರೋಗ ನನಗೆ ಹತ್ತಿದ್ದು ಲೈಬ್ರರಿಯಿಂದ. ಅಲ್ಲಿ ಪ್ರತಿ ಮಂಗಳವಾರ ಪತ್ತೇದಾರಿ ಕಾದಂಬರಿ ಓದುವವರ ಒಂದು ಗುಂಪು ಸೇರುತ್ತಿತ್ತು. ಅದನ್ನು ನಡೆಸುತ್ತಿದ್ದವರು ಬ್ರಿಜಿಡ್ ಎಂಬ ಮುದುಕಿ, ಐರ್ಲೆಂಡಿನ ಒಂದು ಹಳ್ಳಿಯಿಂದ ಇಪ್ಪತ್ತರ ವಯಸ್ಸಿನಲ್ಲಿ ಡೆಟ್ರಾಯಿಟ್‌ಗೆ ಬಂದವರು. ಅವರು ಕೊಡುತ್ತಿದ್ದ ಪುಸ್ತಕಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ: ಐರ್ಲೆಂಡಿನ ಒಂದು ಪುಟ್ಟ ಊರು, ಒಂದು ಚರ್ಚು, ಒಂದು ಅಂಚೆ ಕಚೇರಿ, ಎಲ್ಲರ ಮನೆಯಲ್ಲೂ ಒಂದೊಂದು ಹಳೇ ಗುಟ್ಟು. ಟೀ ಕುಡಿಯುತ್ತಲೇ ಎಲ್ಲವನ್ನೂ ಕಂಡುಹಿಡಿಯುವ ಒಬ್ಬ ಚುರುಕು ಹೆಂಗಸು. ಕೊನೆಯ ಅಧ್ಯಾಯದಲ್ಲಿ ಆಕೆ ಊರವರನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿಕೊಂಡು ಗುಟ್ಟು ಬಿಚ್ಚುತ್ತಾಳೆ. ಆ ಕೊನೆಯ ಅಧ್ಯಾಯಕ್ಕಾಗಿಯೇ ನಾನು ಓದುತ್ತಿದ್ದೆ. ಮೈಸೂರಿನಲ್ಲಿ ಎಂ.ಎ. ಮಾಡಿ ಇಲ್ಲಿ ಬಂದು ಮನೆಯಲ್ಲಿ ಕೂತವಳು ನಾನು. ನನ್ನ ಬುದ್ಧಿಯನ್ನು ನಾಲ್ಕು ಜನ ಮೆಚ್ಚಬೇಕೆಂಬ ಹಸಿವು ಎಷ್ಟಿತ್ತೆಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

೧೯೯೭ರಲ್ಲಿ ನಮ್ಮ ಬೇಸ್‌ಮೆಂಟಿನಲ್ಲಿ ಭಾನುವಾರದ ಕನ್ನಡ ಕ್ಲಾಸು ಶುರುಮಾಡಿದೆ. ಅಪ್ಪ ಅಮ್ಮಂದಿರು ಗ್ಯಾರೇಜಿನಲ್ಲಿ ಮಕ್ಕಳ ಬೂಟು ಬಿಡಿಸಿ, ತಂದ ತಿಂಡಿಯನ್ನು ಅಲ್ಲಿದ್ದ ಫ್ರೀಜರಿನ ಮೇಲಿಟ್ಟು ಹೋಗುತ್ತಿದ್ದರು. ಮಕ್ಕಳು ಅಕ್ಷರ ಕಲಿತರು, ಆದರೆ ಓದಲು ಏನಿತ್ತು? ಮಿಶಿಗನ್ನಿನಲ್ಲಿ ಕನ್ನಡದ ಅಂಗಡಿ ಬೋರ್ಡಿಲ್ಲ, ಬಸ್ಸಿನ ಹಲಗೆಯಿಲ್ಲ. ಆಗ ನನಗೆ ಹೊಳೆದದ್ದು ಪಾತ್ರೆಗಳು. ನಮ್ಮ ಕಡೆ ಮದುವೆಗೆ ಕೊಟ್ಟ ಸ್ಟೀಲ್ ಪಾತ್ರೆಗೆ ಹೆಸರು ಹಾಕಿಸುತ್ತಾರಲ್ಲ, ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರ. ಸೂಟ್‌ಕೇಸಿನಲ್ಲಿ ಅಮೆರಿಕಕ್ಕೆ ಬಂದ ಕನ್ನಡವೆಂದರೆ ಅದೇ. ಪ್ರತಿ ಮನೆಯಿಂದ ಒಂದೊಂದು ಲೋಟ, ಒಂದೊಂದು ತಟ್ಟೆ ತರಿಸಿದೆ. ಅಕ್ಷರ ಸವೆದಿದ್ದರೆ ಅದರ ಮೇಲೆ ಅರಿಶಿನ ಉಜ್ಜುತ್ತಿದ್ದೆ. ಚುಕ್ಕೆಗಳಲ್ಲಿ ಹಳದಿ ತುಂಬಿಕೊಂಡು ಹೆಸರು ಎದ್ದು ಕಾಣುತ್ತಿತ್ತು. ಬೀಗರ ಮನೆಯ ಪಾತ್ರೆ ಬೇರೆ ಮಾಡುವಾಗ ನನ್ನಮ್ಮ ಹೀಗೇ ಮಾಡುತ್ತಿದ್ದಳು. ಮಕ್ಕಳು ಹೆಸರು ಓದಿ, ಅದು ಯಾರ ಮನೆಯದೆಂದು ಹೇಳಬೇಕು. ಈ ಆಟ ಅವರಿಗೆ ಬಹಳ ಹಿಡಿಸಿತು.

ಆಟದಲ್ಲಿ ಎಲ್ಲರಿಗಿಂತ ಮುಂದಿದ್ದವಳು ರೇಣು ಅವರ ಮಗಳು ಇಳಾ. ಹರಿಹರದಲ್ಲಿ ಹುಟ್ಟಿ, ಮೂರು ವರ್ಷದವಳಾಗಿ ಇಲ್ಲಿಗೆ ಬಂದ ಹುಡುಗಿ. ಮಾತೆಲ್ಲ ಇಂಗ್ಲಿಷು, ಆದರೆ ಒತ್ತಕ್ಷರವನ್ನೂ ತಡವರಿಸದೆ ಓದುವವಳು. ಅವಳ ಜೊತೆ ಅದೀಬ್ ಇದ್ದ, ಅಸ್ಗರಿ ಆಂಟಿಯ ಮೊಮ್ಮಗ. ಅಸ್ಗರಿ ಆಂಟಿಯೂ ಹರಿಹರದ ಕಡೆಯವರೇ. ಅವರಿಗೆ ಡ್ರೈವಿಂಗ್ ಬಾರದು. ಮೊಮ್ಮಗನ ಜೊತೆ ಬಂದು ಬೇಸ್‌ಮೆಂಟಿನ ಮೂಲೆಯ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಪ್ಲಾಸ್ಟಿಕ್ ಬುಟ್ಟಿ ಇಟ್ಟುಕೊಂಡು, ಕ್ಲಾಸು ಮುಗಿಯುವವರೆಗೆ ಬೆಳ್ಳುಳ್ಳಿ ಸುಲಿಯುತ್ತಿದ್ದರು.

೧೯೯೮ರ ಅಕ್ಟೋಬರಿನ ಒಂದು ಭಾನುವಾರ ಫ್ರೀಜರಿನ ಮೇಲೆ ಮುಚ್ಚಳದ ಒಂದು ದೊಡ್ಡ ಸ್ಟೀಲ್ ಡಬ್ಬಿ ಇತ್ತು. ಒಳಗೆ ಗೋಧಿ ಹುಗ್ಗಿ. ಹದವಾಗಿ ಬೆಂದ ಗೋಧಿ, ಬೆಲ್ಲ, ಗಸಗಸೆ, ಮೇಲೆ ತುಪ್ಪದಲ್ಲಿ ಹುರಿದ ಕೊಬ್ಬರಿ. ಅಂಗಡಿಯ ಸಮೋಸ ತಂದಿಟ್ಟು ಕೈತೊಳೆದುಕೊಳ್ಳುವ ನಮ್ಮ ಜನದ ನಡುವೆ ಇಷ್ಟು ಕಷ್ಟಪಟ್ಟು ಹುಗ್ಗಿ ಮಾಡಿದವರು ಯಾರು? ಎಲ್ಲರನ್ನೂ ಕೇಳಿದೆ. ಯಾರೂ ಒಪ್ಪಿಕೊಳ್ಳಲಿಲ್ಲ. ತೊಳೆದು ಫ್ರೀಜರಿನ ಮೇಲಿಟ್ಟ ಡಬ್ಬಿ ಸಂಜೆ ಹೊತ್ತಿಗೆ ಹೋಗಿತ್ತು. ಮರುವರ್ಷ ಅಕ್ಟೋಬರಿನಲ್ಲಿ ಮತ್ತೆ ಅದೇ ಡಬ್ಬಿ, ಅದೇ ಹುಗ್ಗಿ. ಅಸ್ಗರಿ ಆಂಟಿಯನ್ನು ಕೇಳಿದರೆ, "ನಂಗೇನ್ ಗೊತ್ತಮ್ಮಾ, ಉಂಡ್ರಾತು ಬಿಡು" ಎಂದರು. ನನಗೆ ಬಿಡಲಾಗಲಿಲ್ಲ. ನನ್ನದೇ ಗ್ಯಾರೇಜಿನಲ್ಲಿ, ನನಗೆ ಗೊತ್ತಿಲ್ಲದ ಗುಟ್ಟು! ಬ್ರಿಜಿಡ್‌ಗೆ ಹೇಳಿ ನಗಾಡಿದೆ. ಮುಂದಿನ ವರ್ಷ ಪತ್ತೆಮಾಡಿಯೇ ತೀರುತ್ತೇನೆ ಎಂದೆ.

೨೦೦೦ದ ಅಕ್ಟೋಬರ್ ಬಂತು. ಡಬ್ಬಿಯೂ ಬಂತು. ಮಕ್ಕಳನ್ನು ಕಾಪಿ ಬರೆಯಲು ಕೂರಿಸಿ ನಾನು ಡಬ್ಬಿಯನ್ನು ಅಡುಗೆಮನೆಗೆ ತಂದೆ. ಹುಗ್ಗಿಯನ್ನು ಬೇರೆ ಪಾತ್ರೆಗೆ ಸುರಿದು, ಡಬ್ಬಿ ತೊಳೆದು ಬೋರಲು ಹಾಕಿದೆ. ತಳಕ್ಕೆ ಉದ್ದಕ್ಕೂ ತಿಳಿಹಸಿರು ಟೇಪು ಅಂಟಿಸಿದ್ದರು. ಪಾಟ್‌ಲಕ್ಕಿಗೆ, ಅಂದರೆ ಮನೆಗೊಂದು ಅಡುಗೆ ಒಯ್ಯುವ ಊಟಕ್ಕೆ, ತರುವ ಪಾತ್ರೆಗೆ ಟೇಪು ಅಂಟಿಸಿ ಹೆಸರು ಬರೆಯುವುದು ಇಲ್ಲಿ ಎಲ್ಲರೂ ಮಾಡುವುದೇ. ಈ ಟೇಪಿನ ಮೇಲೆ ಹೆಸರಿರಲಿಲ್ಲ. ಹೆಸರು ಬರೆಯದವರು ಟೇಪು ಯಾಕೆ ಹಚ್ಚಿದರು? ಉಗುರಿನಿಂದ ಕೆರೆದು ಎಬ್ಬಿಸಿದೆ. ಕೆಳಗೆ ಚುಕ್ಕೆ ಅಕ್ಷರ, ಸವೆದುಹೋಗಿತ್ತು. ಮಸಾಲೆ ಡಬ್ಬದಿಂದ ಅರಿಶಿನ ತೆಗೆದು ಹೆಬ್ಬೆರಳಿನಿಂದ ಉಜ್ಜಿದೆ.

"ಚಿ|| ಸೌ|| ರೇಣುಕಾ – ಚಿ|| ಜಗನ್ನಾಥ. ವಿವಾಹದ ನೆನಪಿಗೆ. ಹರಿಹರ. ೯-೫-೮೫."

ಓದಿದೆ. ಎರಡು ಸಲ ಓದಿದೆ. ನಮ್ಮ ರೇಣು ಅವರ ಗಂಡ ಶಂಕರ್. ಹಾಗಾದರೆ ಜಗನ್ನಾಥ ಯಾರು? ಆ ಹಸಿರು ಟೇಪು ಡ್ರೈ ಕ್ಲೀನರ್ ಅಂಗಡಿಯಲ್ಲಿ ಬಟ್ಟೆಗೆ ನಂಬರ್ ಹಚ್ಚುವ ಟೇಪು ಎಂದೂ ನನಗೆ ಗೊತ್ತಿತ್ತು, ನನ್ನ ರವಿಕೆಗಳೆಲ್ಲ ಅದೇ ಟೇಪಿನಲ್ಲಿ ಮನೆಗೆ ಬಂದಿದ್ದವು. ಅಲ್ಲಿಗೆ ನಿಲ್ಲಿಸಬಹುದಿತ್ತು. ಟೇಪನ್ನು ಮತ್ತೆ ಅಂಟಿಸಿ ಡಬ್ಬಿಯನ್ನು ಫ್ರೀಜರಿನ ಮೇಲಿಟ್ಟಿದ್ದರೆ ಮುಗಿಯುತ್ತಿತ್ತು. ಇದು ಬೇರೆ ಯಾರೋ ರೇಣುಕಾ ಇರಬಹುದು, ಹಳೇ ಪಾತ್ರೆ ಕೈಯಿಂದ ಕೈಗೆ ಬಂದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡೆ ಅಷ್ಟೇ, ನಂಬಲಿಲ್ಲ. ಎದೆ ಡವಗುಟ್ಟುತ್ತಿತ್ತು, ಖುಷಿಗೆ. ಕೊನೆಯ ಅಧ್ಯಾಯ ಸಿಕ್ಕಿತ್ತು, ಕೆಳಗೆ ಕೋಣೆ ತುಂಬ ಜನವೂ ಇದ್ದರು.

ಡಬ್ಬಿಯನ್ನೂ ಟೇಪನ್ನೂ ಹಿಡಿದು ಮೆಟ್ಟಿಲಿಳಿದೆ. "ಇವತ್ತು ಪತ್ತೇದಾರಿ ಕ್ಲಾಸು" ಎಂದೆ. ಮಕ್ಕಳು ಹೋ ಎಂದರು. ಮೊದಲು ಟೇಪು ತೋರಿಸಿ ಇದು ಎಲ್ಲಿಯದು ಹೇಳಿ ಎಂದೆ. ಇಳಾ ಕೂತಲ್ಲೇ ಕುಪ್ಪಳಿಸಿದಳು. "ಅದು ನಮ್ಮಮ್ಮನ ಶಾಪ್‌ದು! ಹುಗ್ಗಿ ಮಾಡಿದ್ದು ನಮ್ಮಮ್ಮ!" ಎಂದಳು. ಅವಳಿಗೆ ಅದೆಷ್ಟು ಹೆಮ್ಮೆ! ಒಂಬತ್ತು ಮಕ್ಕಳೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗಾದರೂ ನಾನು ನಿಲ್ಲಿಸಬೇಕಿತ್ತು. ಡಬ್ಬಿಯನ್ನು ತಿರುಗಿಸಿ ಅವಳ ಕೈಗೇ ಕೊಟ್ಟೆ.

ಅವಳು ಬೆರಳಿಟ್ಟು ಓದಿದಳು. "ರೇ-ಣು-ಕಾ. ದಟ್ಸ್ ಮೈ ಮಾಮ್!" ಮತ್ತೆ ಬೆರಳು ಮುಂದೆ ಸರಿಯಿತು. "ಜ-ಗ-ನ್ನಾ-ಥ." ಒತ್ತನ್ನೂ ಸರಿಯಾಗಿ ಓದಿದಳು. "ವಿವಾಹದ ನೆನಪಿಗೆ. ಆಂಟಿ, ವಿವಾಹ ಅಂದ್ರೆ ವೆಡ್ಡಿಂಗ್ ಅಲ್ವಾ?"

ಮೂಲೆಯಲ್ಲಿ ಬೆಳ್ಳುಳ್ಳಿ ಬುಟ್ಟಿ ನೆಲಕ್ಕೆ ಬಿತ್ತು. ಅಸ್ಗರಿ ಆಂಟಿ ಎದ್ದು ಬಂದರು. ಮಂಡಿನೋವಿನ ಆ ಹೆಂಗಸು ಅಷ್ಟು ಬೇಗ ನಡೆದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. "ಕೊಡವ್ವಾ ಇಲ್ಲಿ. ಅದು ನಂದು. ಹರಿಹರದಾಗ ನಮ್ಮ ಪಕ್ಕದ ಮನೇಲಿ ಒಬ್ಳು ರೇಣುಕಾ ಇದ್ಲು, ಆಕೀದು. ನಾನೇ ನಿಮ್ಮಮ್ಮಂಗೆ ಕೊಟ್ಟಿದ್ದೆ" ಎಂದರು.

ಇಳಾಳ ಮುಖ ತಿಳಿಯಾಯಿತು. ಅವಳು ನಂಬಿದಳು. ಡಬ್ಬಿಯನ್ನು ಕೊಡಲು ಕೈ ಚಾಚಿದಳು ಕೂಡ.

ಆಗ ನಾನು ಬಾಯಿ ತೆರೆದೆ. ನಗುತ್ತಲೇ ತೆರೆದೆ. "ಏನ್ ಆಂಟಿ, ಹೋದ ವರ್ಷ ಕೇಳಿದಾಗ ಯಾರ ಡಬ್ಬೀನೋ ಗೊತ್ತಿಲ್ಲ ಅಂದಿದ್ರಿ? ಸಾಕ್ಷಿ ಸುಳ್ಳು ಹೇಳ್ತಿದೆ, ನೋಡಿ ಮಕ್ಕಳೇ!"

ಮಕ್ಕಳು ನಕ್ಕರು. ಇಳಾ ನಗಲಿಲ್ಲ. ಅವಳು ಅಸ್ಗರಿ ಆಂಟಿಯ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ, ಡಬ್ಬಿಯನ್ನು ಮತ್ತೆ ತನ್ನ ಕಡೆಗೆ ಎಳೆದುಕೊಂಡಳು. ಕೊನೆಯ ಸಾಲನ್ನು ಗಟ್ಟಿಯಾಗಿ ಓದಲಿಲ್ಲ. ತುಟಿ ಮಾತ್ರ ಆಡಿತು. ಅವಳು ಹುಟ್ಟಿದ್ದು ಎಂಬತ್ತೇಳರ ಜನವರಿಯಲ್ಲಿ. "ಅಪ್ಪ ಅಮ್ಮನ ಆನಿವರ್ಸರಿ ಜೂನ್‌ನಲ್ಲಿ" ಎಂದಳು, ಯಾರಿಗೂ ಅಲ್ಲದ ಹಾಗೆ. ಆಮೇಲೆ ನನ್ನನ್ನು ಕೇಳಿದಳು: "ಆಂಟಿ, ಹೂ ಈಸ್ ಹಿ?"

ಪುಸ್ತಕದಲ್ಲಿ ಈ ಜಾಗಕ್ಕೆ ಬರುವಾಗ ಪತ್ತೇದಾರಿಣಿಗೆ ಎಲ್ಲ ಗೊತ್ತಿರುತ್ತದೆ, ಟೀ ತಣ್ಣಗಾಗಿರುತ್ತದೆ, ಕತೆ ಮುಗಿಯುತ್ತದೆ. ಇಲ್ಲಿ ಇನ್ನೂ ನಲವತ್ತು ನಿಮಿಷ ಕ್ಲಾಸಿತ್ತು. ನಾನು ಬೋರ್ಡಿನ ಮೇಲೆ ಕಾಗುಣಿತ ಬರೆಯತೊಡಗಿದೆ. ಸೀಮೆಸುಣ್ಣ ಮುರಿಯಿತು.

ನಾಲ್ಕು ಗಂಟೆಗೆ ರೇಣು ಬಂದರು. ಮೆಟ್ಟಿಲ ಕೊನೆಗೆ ಬಂದವರು ಮೇಜಿನ ಮೇಲೆ ಬೋರಲಾಗಿದ್ದ ಡಬ್ಬಿಯನ್ನೂ, ಪಕ್ಕದಲ್ಲಿ ಸುರುಳಿ ಸುತ್ತಿಕೊಂಡಿದ್ದ ಟೇಪನ್ನೂ, ಕೋಟು ಹಾಕಿಕೊಂಡು ಅಲ್ಲಾಡದೆ ಕೂತಿದ್ದ ಮಗಳನ್ನೂ ನೋಡಿದರು. ಅವರು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಮೇಜಿನ ಹತ್ತಿರ ಬಂದು ಆ ಟೇಪನ್ನು ಬಿಡಿಸಿ, ಹೆಸರಿನ ಮೇಲೆ ಮೊದಲಿದ್ದ ಹಾಗೇ ಇಟ್ಟು, ಹೆಬ್ಬೆರಳಿನಿಂದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒತ್ತಿದರು. ಟೇಪಿಗೆ ಅಂಟು ಉಳಿದಿರಲಿಲ್ಲ. ಬಿಟ್ಟೊಡನೆ ಮೇಲೆದ್ದಿತು. ಮತ್ತೆ ಒತ್ತಿದರು. ಮೂರನೆಯ ಸಲ ಹಾಗೇ ಅಂಗೈಯಿಂದ ಮುಚ್ಚಿ ಹಿಡಿದುಕೊಂಡು, "ಬಾ ಇಳಾ" ಎಂದರು. ಅವರ ಕಾರು ನಮ್ಮ ಡ್ರೈವ್‌ವೇಯಲ್ಲಿ ಬಹಳ ಹೊತ್ತು ನಿಂತೇ ಇತ್ತು. ಕಿಟಕಿಯ ಪರದೆಯ ಹಿಂದೆ ನಿಂತು ಅದನ್ನೂ ನೋಡಿದೆ ನಾನು. ಅಷ್ಟಾದ ಮೇಲೂ ನೋಡುವ ಚಟ ಹೋಗಿರಲಿಲ್ಲ.

ಮಗ ಬಂದು ಕರೆದುಕೊಂಡು ಹೋಗುವವರೆಗೆ ಅಸ್ಗರಿ ಆಂಟಿ ನೆಲದ ಬೆಳ್ಳುಳ್ಳಿ ಆರಿಸುತ್ತಿದ್ದರು. ನಾನು ಬಗ್ಗಿ ಸಹಾಯಕ್ಕೆ ಹೋದಾಗ ಕೈ ಅಡ್ಡ ಹಿಡಿದರು. "ಜಗನ್ನಾಥನ ಮದುವೆ ಊಟ ಉಂಡಿದೀನಿ ನಾನು. ನಮ್ಮ ಯಜಮಾನ್ರು ಶೌಕತ್ ಸಾಹೇಬ್ರ ಸೈಕಲ್ ಅಂಗಡಿ ಅವರ ಬೀದೀಲೇ ಇತ್ತು. ನಿಮ್ಮ ಮನೇಲೇ ಮೊದಲ್ನೇ ಸಲ ನನ್ನ ಕಂಡಾಗ ರೇಣುಕಾ ಮುಖ ಬಿಳಿಚಿ ಹೋತು. ನಾನೇನು ಕೇಳ್ದೆ ನೆಪ್ಪೈತಾ ನಿಂಗೆ?"

ನೆನಪಿತ್ತು. "ಯಾವೂರಾತವ್ವಾ ನಿಮ್ದು?" ಎಂದು ಕೇಳಿದ್ದರು, ಹೊಸಬರನ್ನು ಕೇಳುವ ಹಾಗೆ. ರೇಣು "ದಾವಣಗೆರೆ ಕಡೆ ರೀ" ಎಂದಿದ್ದರು. ಇಬ್ಬರೂ ಒಂದೇ ಬೀದಿಯವರೆಂದು ಪಕ್ಕದಲ್ಲೇ ಕಾಫಿ ಸೋಸುತ್ತಿದ್ದ ನನಗೆ ತಿಳಿದಿರಲಿಲ್ಲ. ಓದು ಬರಹ ಅಷ್ಟಕ್ಕಷ್ಟೇ ಇದ್ದ ಆ ಮುದುಕಿ ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಎಂ.ಎ. ಓದಿದ ನಾನು ಒಂದು ಮಧ್ಯಾಹ್ನ ಕೂಡ ನುಂಗಿಕೊಳ್ಳಲಾರದೆ ಹೋದೆ.

ಮುಂದಿನ ಭಾನುವಾರ ಶಂಕರ್ ಒಬ್ಬರೇ ಬಂದರು, ಇಳಾಳ ಕನ್ನಡ ಪುಸ್ತಕ ವಾಪಸು ಕೊಡಲು. ಬಾಗಿಲಲ್ಲೇ ನಿಂತಿದ್ದರು. ನಾನು ಅವರನ್ನು ಮಾತಾಡಲು ಬಿಡದೆ, "ಶಂಕರ್, ನಿಜವಾಗ್ಲೂ ನಂಗೆ ಗೊತ್ತಿರ್ಲಿಲ್ಲ. ನಾನು ಓದಿರ್ಲಿಲ್ಲ. ಅಕ್ಷರ ಸವೆದಿತ್ತಲ್ಲ, ಮಕ್ಕಳ ಕಣ್ಣು ಚುರುಕು ಅಂತ ಹಾಗೇ ಕೊಟ್ಬಿಟ್ಟೆ" ಎಂದೆ. ಆ ಸುಳ್ಳು ಎಷ್ಟು ಸಲೀಸಾಗಿ ಬಂತು! ಅವರು ತಲೆಯಾಡಿಸಿದರು. ಒಳ್ಳೆಯ ಮನುಷ್ಯ, ನಂಬಿದರು.

ಆಮೇಲೆ ಅವರೇ ಹೇಳಿದರು. ಇಳಾ ಒಂಬತ್ತು ತಿಂಗಳ ಕೂಸಾಗಿದ್ದಾಗ, ಎಂಬತ್ತೇಳರ ಅಕ್ಟೋಬರಿನಲ್ಲಿ, ಜಗನ್ನಾಥ ಲಾರಿಗೆ ಸಿಕ್ಕಿ ತೀರಿಕೊಂಡ. ಎರಡು ವರ್ಷದ ಮೇಲೆ ಶಂಕರ್ ರೇಣುವನ್ನು ಮದುವೆಯಾದರು. ಮಗು ಅಪ್ಪಾ ಎಂದು ಕರೆಯತೊಡಗಿದಾಗ ತಡೆಯಲು ಯಾರಿಗೂ ಮನಸ್ಸು ಬರಲಿಲ್ಲ. ಆ ಡಬ್ಬಿಯನ್ನು ಜಗನ್ನಾಥನ ತಾಯಿಯೇ ರೇಣು ಅಮೆರಿಕಕ್ಕೆ ಹೊರಟಾಗ ಕೊಟ್ಟದ್ದು. ಹುಗ್ಗಿ ಆತನಿಗೆ ಇಷ್ಟವಾದ ಅಡುಗೆ. ಆತ ಹೋದ ದಿನದ ಹತ್ತಿರದ ಭಾನುವಾರ ಮಾಡಿ, ನಾಲ್ಕು ಮಕ್ಕಳು ಉಣ್ಣುವ ಕಡೆ ತಂದಿಡುತ್ತಿದ್ದರು. ಆ ಮಕ್ಕಳಲ್ಲಿ ಆತನ ಮಗಳೂ ಇರುತ್ತಿದ್ದಳಲ್ಲ!

"ಜನವರಿಗೆ ಹದಿನಾಲ್ಕು ತುಂಬತ್ತೆ ಮೇಡಂ. ಅವತ್ತೇ ಹೇಳೋಣ ಅಂತ ಇದ್ವಿ," ಎಂದರು ಶಂಕರ್. "ರೇಣು ಬಾಣಂತನಕ್ಕೆ ತವರಲ್ಲಿದ್ದಾಗ ಆತ ಕೆಲಸ ಮಾಡ್ತಿದ್ದ ಭದ್ರಾವತಿಯಿಂದ ಇನ್‌ಲ್ಯಾಂಡ್ ಲೆಟರ್ ಬರೀತಿದ್ರಂತೆ. ಹನ್ನೊಂದಿವೆ. ಎಲ್ಲ ಬರೀ ಮಗು ವಿಷ್ಯಾನೇ. ನಿದ್ದೆ ಮಾಡ್ತಾಳಾ, ಯಾರ ಮೂಗು, ಅಂತ. ಅವನ್ನ ಇಳಾನೇ ಓದ್ಲಿ, ಅವರ ಅಕ್ಷರದಲ್ಲೇ ಓದ್ಲಿ ಅಂತ ರೇಣುಗೆ ಆಸೆ. ಅದಕ್ಕೇ ಮೂರು ವರ್ಷ ನಿಮ್ಮ ಕ್ಲಾಸಿಗೆ ತಪ್ಪದೆ ಕಳಿಸಿದ್ಲು."

ಪುಸ್ತಕ ನನ್ನ ಕೈಲಿಟ್ಟು ಹೋದರು. ಅದರ ಕೊನೆಯ ಪುಟದಲ್ಲಿ ಇಳಾ ದುಂಡಗೆ ಬರೆದ ಒತ್ತಕ್ಷರಗಳಿದ್ದವು. ನಾನು ಓದಲು ಕಲಿಸಿದ ಹುಡುಗಿ ತನ್ನ ತಂದೆಯ ಹೆಸರನ್ನು ಜೀವನದಲ್ಲಿ ಮೊದಲ ಸಲ ಓದಿದ್ದು ನನ್ನ ಹರಕುಬುದ್ಧಿಯ ಆಟದಲ್ಲಿ, ಚಪ್ಪಾಳೆಯ ನಡುವೆ. ಇಳಾ ಮತ್ತೆ ಕನ್ನಡ ಓದಲಿಲ್ಲ. ತಾಯಿಯ ಜೊತೆ ಐದಾರು ತಿಂಗಳು ಮಾತೇ ಬಿಟ್ಟಿದ್ದಳೆಂದು ಕೇಳಿದೆ. ಶಂಕರ್‌ಗೆ ಮಾತ್ರ ಮೊದಲಿಗಿಂತ ಹೆಚ್ಚು ಅಂಟಿಕೊಂಡಳಂತೆ.

ಬ್ರಿಜಿಡ್‌ಗೆ ಇದನ್ನು ಯಾರದೋ ಕತೆ ಎಂಬಂತೆ ಹೇಳಿದೆ. ಆ ಮುದುಕಿ ಕನ್ನಡಕ ತೆಗೆದು ಒರೆಸಿಕೊಂಡರು. ತಮ್ಮ ಹಳ್ಳಿಯಲ್ಲಿ ಯಾವ ಮಗು ಯಾರದು, ಯಾರ ಗಂಡ ಎಲ್ಲಿದ್ದಾನೆ ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು, ಪತ್ತೆಮಾಡಲು ಏನೂ ಉಳಿದಿರುತ್ತಿರಲಿಲ್ಲ ಎಂದರು. ಗೊತ್ತಿಲ್ಲದವರ ಹಾಗೆ ಬದುಕುವುದನ್ನೇ ಅಲ್ಲಿ ಮಕ್ಕಳಿಗೂ ಕಲಿಸುತ್ತಿದ್ದರಂತೆ. ಆ ಪುಸ್ತಕಗಳನ್ನು ಬರೆದವರು ಹಳ್ಳಿಯಲ್ಲಿ ಇದ್ದವರಲ್ಲ ಎಂದು ನಕ್ಕರು. ನಾನು ಮಂಗಳವಾರ ಹೋಗುವುದನ್ನು ಬಿಟ್ಟೆ. ಕನ್ನಡ ಕ್ಲಾಸನ್ನು ಆ ಡಿಸೆಂಬರಿನಲ್ಲೇ ನಿಲ್ಲಿಸಿದೆ. ಕೇಳಿದವರಿಗೆಲ್ಲ ಬೆನ್ನುನೋವು ಎಂದೆ.

ಸುಳ್ಳನ್ನು ಮಾತ್ರ ನಿಲ್ಲಿಸಲಿಲ್ಲ. ವಿಷಯ ನಮ್ಮ ಜನರಲ್ಲಿ ಹರಡಿತ್ತು, ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ನಾನು ಓದಿರಲಿಲ್ಲ, ಓದದೆ ಕೊಟ್ಟೆ ಎಂದು ಪ್ರತಿಯೊಬ್ಬರಿಗೂ ಹೇಳಿದೆ. ನಮ್ಮ ಯಜಮಾನರು ರಮೇಶ್‌ಗೂ ಹಾಗೇ ಹೇಳಿದೆ. ಪಕ್ಕದ ಊರು ನೋವೈಯಲ್ಲಿ ಒಂದು ಯುಗಾದಿ ಊಟದಲ್ಲಿ ಒಬ್ಬಾಕೆ ರೇಣು ಎದುರಿಗೇ, "ಅಲ್ರೀ, ಸ್ವಲ್ಪ ನೋಡಿಯಾದ್ರೂ ಕೊಡಬಾರ್ದಿತ್ತಾ?" ಎಂದು ನನ್ನನ್ನು ಚುಚ್ಚಿದಳು. ನಾನು ಮತ್ತೆ ಅದೇ ಮಾತು ಹೇಳಿದೆ. ಆಗ ರೇಣು ತಟ್ಟೆಯಿಂದ ತಲೆಯೆತ್ತಿ, "ಹೌದ್ರೀ, ಪಾಪ, ಅವರಿಗೆ ಗೊತ್ತಿರ್ಲಿಲ್ಲ" ಎಂದರು. ಆ ಹೋಳಿಗೆಯನ್ನು ನಾನು ಹೇಗೆ ನುಂಗಿದೆನೋ ತಿಳಿಯದು. ನನ್ನ ರವಿಕೆಗಳನ್ನು ಅವರು ಮೊದಲಿನ ಹಾಗೇ ಹೊಲಿದುಕೊಟ್ಟರು. ಅಕ್ಟೋಬರಿನ ಹುಗ್ಗಿ ಮಾತ್ರ ನಮ್ಮ ಮನೆಗೆ ಬರಲಿಲ್ಲ.

ಎಂಟು ವರ್ಷ ಹೀಗೇ ಹೋಯಿತು. ೨೦೦೮ರಲ್ಲಿ ಕಾರಿನ ಕಂಪನಿಗಳೆಲ್ಲ ಕುಸಿಯುತ್ತಿದ್ದಾಗ ಶಂಕರ್ ಕೆಲಸವೂ ಹೋಯಿತು. ಚಿಕಾಗೋ ಕಡೆ ಬೇರೆ ಕೆಲಸ ಸಿಕ್ಕಿತು. ಅವರು ಮನೆ ಖಾಲಿ ಮಾಡುವ ವಾರ, ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ, ನಮ್ಮ ಗ್ಯಾರೇಜಿನ ಬಾಗಿಲಲ್ಲಿ ರೇಣು ನಿಂತಿದ್ದರು. ಕೂದಲು ನರೆತಿತ್ತು, ಕನ್ನಡಕ ಬಂದಿತ್ತು. ಕೈಯಲ್ಲಿ ಅದೇ ಡಬ್ಬಿ.

"ನಾಡಿದ್ದು ಹೊರಡ್ತೀವಿ ಮೇಡಂ. ಇಳಾ 'ನಾನೇ ಬಂದು ಕರ್ಕೊಂಡ್ ಹೋಗ್ತೀನಿ, ಅಮ್ಮಂಗೆ ಫ್ರೀವೇ ಆಗಲ್ಲ' ಅಂತ ಚಿಕಾಗೋದ ಕಾಲೇಜಿಂದ ಬರ್ತಿದಾಳೆ," ಎಂದರು. ಒಳಗೆ ಬಂದು ಅಡುಗೆಮನೆಯ ಕುರ್ಚಿಯಲ್ಲಿ ಕೂತರು. ನಾನು ಕಾಗದಗಳ ಬಗ್ಗೆ ಕೇಳಿದೆ, ಕೇಳುವ ಹಕ್ಕಿಲ್ಲದಿದ್ದರೂ. "ಹದಿನಾರು ತುಂಬಿದ ಮೇಲೆ ತಾನೇ ಕೇಳಿದ್ಲು. ಅಷ್ಟೊತ್ತಿಗೆ ಓದೋದು ಮರ್ತು ಹೋಗಿತ್ತು. ನಾನೇ ಓದಿ ಹೇಳ್ದೆ. ಹನ್ನೊಂದೂ ಓದ್ದೆ," ಎಂದರು. ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟು, "ಅವಳೇ ಓದ್ಬೇಕು ಅಂತಿತ್ತು. ಆಗ್ಲಿಲ್ಲ" ಎಂದರು.

ನನಗೆ ತಡೆಯಲಾಗಲಿಲ್ಲ. "ರೇಣು, ನಾನು ಸುಳ್ಳು ಹೇಳಿದೀನಿ. ಅವತ್ತು ನಾನು ಓದಿದ್ದೆ. ನಿಮ್ಮ ಹೆಸರೂ ಓದಿದ್ದೆ, ಅವರ ಹೆಸರೂ ಓದಿದ್ದೆ. ಓದಿಯೇ ಇಳಾ ಕೈಗೆ ಕೊಟ್ಟೆ. ಅಸ್ಗರಿ ಆಂಟಿ ಮುಚ್ಚೋಕೆ ನೋಡಿದ್ರು, ಅದನ್ನೂ ನಾನೇ ಕೆಡಿಸ್ದೆ" ಎಂದೆ. ಅಳು ಬಂದು ಬಾಯಿ ಸೊಟ್ಟಗಾಗಿತ್ತು.

ರೇಣು ನನ್ನನ್ನು ನೋಡಲಿಲ್ಲ. ಡಬ್ಬಿಯ ಮುಚ್ಚಳದ ಮೇಲಿದ್ದ ತಮ್ಮ ಕೈಯನ್ನೇ ನೋಡುತ್ತಿದ್ದರು.

"ಗೊತ್ತು ಮೇಡಂ. ಅವತ್ತೇ ಗೊತ್ತಾತು."

"ಹೇಗೆ?"

"ಅರಿಶಿನ ಹಚ್ಚಿದ್ರಲ್ಲ. ಒಂದೊಂದು ಚುಕ್ಕೇಲೂ ಇತ್ತು. ಓದೋಕಲ್ದೆ ಯಾರೂ ಹಂಗೆ ಹಚ್ಚಲ್ಲ. ಮನೆಗೆ ಹೋಗಿ ತಿಕ್ಕಿದೆ, ಹೋಗ್ಲಿಲ್ಲ. ಗುಂಡುಸೂಜಿ ತಗೊಂಡು ಒಂದೊಂದಾಗಿ ತೆಗೆದೆ. ಎರಡು ದಿನ ಹಿಡೀತು."

ಎಂಟು ವರ್ಷ ನಾನು ಊರಿಗೆಲ್ಲ ಹೇಳಿದ ಸುಳ್ಳು ಅವರ ಕಣ್ಣೆದುರಿಗೇ ನಡೆದಿತ್ತು. "ಮತ್ತೆ ಯುಗಾದಿ ದಿನ ಎಲ್ಲರ ಮುಂದೆ ಯಾಕೆ ನನ್ನ ಪರ ಮಾತಾಡಿದ್ರಿ?" ಎಂದೆ.

"ಅಷ್ಟು ಜನ ಇದ್ರಲ್ಲ" ಎಂದರು, ಅದರಲ್ಲಿ ಕೇಳುವುದೇನಿದೆ ಎಂಬ ಹಾಗೆ. "ಜನದ ಮುಂದೆ ಹಂಗೆ ಆಗಬಾರ್ದು ಮೇಡಂ. ಯಾರಿಗೂ."

ಕ್ಷಮಿಸಿದ್ದೇನೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಗ್ಯಾರೇಜಿನಲ್ಲಿ ಚಪ್ಪಲಿ ಮೆಟ್ಟುವಾಗ, "ಡಬ್ಬಿ ತೊಳೆದು ಫ್ರೀಜರ್ ಮೇಲೆ ಇಟ್ಟಿರಿ. ಇಳಾ ಸಂಜೆ ಬಂದು ತಗೊಂಡ್ ಹೋಗ್ತಾಳೆ" ಎಂದರು. ಅವರ ಕಾರು ಮೂವತ್ತರ ವೇಗದಲ್ಲಿ ತಿರುವು ದಾಟಿ ಹೋಯಿತು.

ಹುಗ್ಗಿಯನ್ನು ಬೇರೆ ಪಾತ್ರೆಗೆ ಸುರಿದುಕೊಂಡೆ. ಖಾಲಿ ಡಬ್ಬಿ ಹಿಂದಿರುಗಿಸಬಾರದೆಂದು ಮನೆಯಲ್ಲಿದ್ದ ಕಲ್ಲುಸಕ್ಕರೆಯನ್ನು ಪೊಟ್ಟಣ ಕಟ್ಟಿ ತೆಗೆದಿಟ್ಟೆ. ಆಮೇಲೆ ಡಬ್ಬಿಯನ್ನು ತೊಳೆದೆ. ತಳಕ್ಕೆ ಈ ಸಲ ಟೇಪು ಅಂಟಿಸಿದ್ದರೋ ಇಲ್ಲವೋ ನನಗೆ ತಿಳಿಯದು. ತಿರುಗಿಸದೆ ತೊಳೆದೆ.